ಪಹಣಿಯಲ್ಲಿ ಪಟ್ಟೆದಾರರು

ಇಂದು ತಂದ ಕೊಡಗಿನ ನಮ್ಮ ಜಮ್ಮಾ ಜಮೀನಿನ ಪಹಣಿಯಲ್ಲಿ, ಕಾಲವಾಗಿ ದಶಕಗಳೇ ಕಳೆದ ಪಟ್ಟೆದಾರರ (ಮನೆತನದ ಪರವಾಗಿ ಜಮೀನು ದಾಖಲಾದ ಹಿರಿಯರ) ಹೆಸರು ಇನ್ನೂ ಮೊದಲಿಗೇ ನಿಂತಿದೆ.

ಅರಸರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ, ಕಡಿಮೆ ಕಂದಾಯಕ್ಕೆ ದೊರೆತ ಇಂಥ ಭೂಮಿ ಇಡೀ ಒಕ್ಕಕ್ಕೆ, ಎಂದರೆ ಕೊಡವ ಮನೆತನಕ್ಕೆ, ಸೇರಿದ್ದಾಗಿತ್ತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಆ ಪದ್ಧತಿಯನ್ನು ಅಳಿಸಲಿಲ್ಲ. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ನಿನಲ್ಲಿ ತಮ್ಮ ಕಾನೂನಿನ ಭಾಷೆಗೆ ಒಗ್ಗಿಸಿ ಬರೆದಿಟ್ಟರು. ಹಿರಿಯರ ತಿಳಿವಳಿಕೆಯಲ್ಲಿ ಬಾಳುತ್ತಿದ್ದ ಕಟ್ಟಳೆ ಹೀಗೆ ಕಡತದ ಅಂಕಣಕ್ಕಿಳಿದ ಮೇಲೆ, ಗದ್ದೆಗೆ ಹೊಂದಿಕೊಂಡ ಕಾಡುಭೂಮಿಯಾದ ಬಾಣೆಯೂ ಅದರ ಮರಗಳೂ ಯಾರ ಒಡೆತನಕ್ಕೆ ಸೇರಿದ್ದೆಂಬ ವಾದ ಸ್ವತಂತ್ರ ಭಾರತದ ನ್ಯಾಯಾಲಯಗಳವರೆಗೂ ನಡೆಯಿತು.

ಆ ಕಾನೂನನ್ನು ಬರಿಯ ಹೇರಿಕೆ ಎನ್ನಲು ನನಗೆ ಮನಸ್ಸಿಲ್ಲ, ಒಕ್ಕದ ಹಕ್ಕಿಗೆ ಲಿಖಿತ ಆಧಾರ ಸಿಕ್ಕಿದ್ದೂ ಅದರಿಂದಲೇ. ಆದರೆ ಅದೇ ಗದ್ದೆಯಲ್ಲಿ ದುಡಿಯುವ ಕಿರಿಯರು ಬ್ಯಾಂಕ್ ಸಾಲಕ್ಕಾಗಿ ತಮ್ಮ ಪಾಲನ್ನು ಇಂದಿಗೂ ಸಾಬೀತುಪಡಿಸಬೇಕಾಗಿರುವುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.