ರಾತ್ರಿ ಕೂರುವ ಗಾಡಿಯಲ್ಲಿ ಜಬಲ್ ಶಮ್ಸ್‌ಗೆ

"ಭಾವ, ನಿಮ್ಮ ಎಮ್ಮೆ ಮಲಗಿಬಿಟ್ಟಿದೆ."

ಬೆಳಗ್ಗೆ ಆರೂವರೆಗೆ ಟೆಂಟಿನೊಳಗೆ ಮಲಗಿದ್ದ ನನಗೆ ಕೇಳಿದ ಮೊದಲ ಮಾತು ಇದು. ನಮ್ಮ ಕರಾವಳಿ ಕಡೆ ಹೆಂಡತಿಯ ಅಣ್ಣ ನನಗೆ ಭಾವ, ನಾನೂ ಅವರಿಗೆ ಭಾವ. ನಾವಿದ್ದದ್ದು ಒಮಾನಿನ ಜಬಲ್ ಶಮ್ಸ್ ಬೆಟ್ಟದ ಮೇಲೆ. ಆಚೆ ಸುಮಾರು ಒಂದು ಕಿಲೋಮೀಟರ್ ಆಳದ ವಾದಿ ಘುಲ್ ಕಣಿವೆ. ಅದನ್ನು ನೋಡಲೆಂದೇ ಮಸ್ಕತ್‌ನಿಂದ ಬಂದಿದ್ದೆವು. ಆದರೆ ಇಬ್ಬರೂ ನೋಡುತ್ತಾ ನಿಂತಿದ್ದು ಗಾಡಿಯನ್ನು. ನಾಲ್ಕೂ ಚಕ್ರಗಳ ಮೇಲೆ ಮಡ್‌ಗಾರ್ಡ್ ಇಳಿದು ಕೂತಿತ್ತು. ಟಯರಿಗೂ ಅದಕ್ಕೂ ನಡುವೆ ಎರಡು ಬೆರಳು ತೂರಿಸಲೂ ಜಾಗವಿಲ್ಲ.

ಇಪ್ಪತ್ತು ವರ್ಷ ಹಳೆಯ, ಏರ್ ಸಸ್ಪೆನ್ಶನ್ ಇರುವ ಗಾಡಿ ಅದು. ಕಂಪನಿಯ ಹೆಸರು ಬೇಡ, ಇಷ್ಟು ವಯಸ್ಸಾದ ರಬ್ಬರ್ ಯಾರ ಗಾಡಿಯಲ್ಲಿದ್ದರೂ ಇದೇ ಕಥೆ. ಗಲ್ಫ್‌ನಲ್ಲಿ ಇಂಥ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ. ಯಾಕೆ ಅಗ್ಗ ಅಂತ ಆಮೇಲೆ ಗೊತ್ತಾಗುತ್ತದೆ. ಕಬ್ಬಿಣದ ಸ್ಪ್ರಿಂಗ್ ಬದಲು ನಾಲ್ಕು ಮೂಲೆಗೂ ಗಾಳಿ ತುಂಬಿದ ರಬ್ಬರ್ ಚೀಲಗಳು. ಗ್ಯಾರೇಜಿನವರು ಇವನ್ನು ಬಲೂನ್ ಅನ್ನುತ್ತಾರೆ. ಊರಿನ ವೋಲ್ವೋ ಬಸ್ಸಿನ ಕೆಳಗೂ ಇವುಗಳ ದೊಡ್ಡಣ್ಣಂದಿರು ಇದ್ದಾರೆ.

ಈ ಗಾಡಿ ಎರಡು ತಿಂಗಳಿಂದ ಮನೆಯ ಮುಂದೆಯೂ ರಾತ್ರಿ ಕೂರುತ್ತಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಎರಡು ನಿಮಿಷದಲ್ಲಿ ಎದ್ದು ನಿಲ್ಲುತ್ತಿತ್ತು. ಎದ್ದಿತಲ್ಲ, ಸಾಕು ಅಂತ ಸುಮ್ನೆ ಇದ್ದೆ. ಅದೇ ನನ್ನ ತಪ್ಪು. ತೋರಿಸಿದ್ದ ಗ್ಯಾರೇಜಿನಲ್ಲಿ "ನಾಲ್ಕೂ ಬಲೂನ್ ಹೋಗಿವೆ, ನಾಲ್ಕೂ ಬದಲಾಯಿಸಿ" ಅಂದಿದ್ದರು. ನಾಲ್ಕೂ ಒಟ್ಟಿಗೆ ಹೇಗೆ ಹೋಗುತ್ತವೆ ಅಂತ ಆಗಲೇ ಅನುಮಾನ ಬರಬೇಕಿತ್ತು.

ಬೆಟ್ಟದ ಮೇಲೆ ಅವತ್ತು ಅದು ಏಳಲಿಲ್ಲ. ಬಲೂನಿಗೆ ಗಾಳಿ ತುಂಬುವ ಕಂಪ್ರೆಸರ್ ಗುರ್ ಅಂತ ಏಳೆಂಟು ನಿಮಿಷ ಓಡಿತು, ಹಿಂಭಾಗ ಸ್ವಲ್ಪ ಎದ್ದಿತು, ಆಮೇಲೆ ಸದ್ದೇ ನಿಂತಿತು. ಕೆಟ್ಟಿರಲಿಲ್ಲ, ಬಿಸಿಯಾಗಿ ತಾನೇ ಆಫ್ ಆಗಿತ್ತು. ಕಾರಣ ಎರಡು. ಒಂದು ಎತ್ತರ. ನಾವು ಟೆಂಟ್ ಹಾಕಿದ್ದು ಸುಮಾರು 2,000 ಮೀಟರ್ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಐದನೇ ಒಂದು ಭಾಗದಷ್ಟು ಕಡಿಮೆ. ಅಂದರೆ ಅಷ್ಟೇ ಗಾಳಿ ತುಂಬಲು ಕಂಪ್ರೆಸರ್ ಜಾಸ್ತಿ ಹೊತ್ತು ಓಡಬೇಕು. ಇನ್ನೊಂದು ಚಳಿ. ಮಸ್ಕತ್‌ನಲ್ಲಿ 25 ಡಿಗ್ರಿ ಇದ್ದದ್ದು ಡಿಸೆಂಬರ್ ರಾತ್ರಿ ಇಲ್ಲಿ 5ಕ್ಕೆ ಇಳಿದರೆ, ಒಂದು ಚೂರೂ ಲೀಕ್ ಇಲ್ಲದ ಬಲೂನಿನೊಳಗಿನ ಗಾಳಿಯೂ ಶೇಕಡಾ 7ರಷ್ಟು ಕುಗ್ಗುತ್ತದೆ. ಹಳೆಯ ರಬ್ಬರ್ ರಿಂಗುಗಳು ಚಳಿಗೆ ಇನ್ನೂ ಗಟ್ಟಿಯಾಗಿ ಬಿಗಿ ಕಳೆದುಕೊಳ್ಳುತ್ತವೆ. ಊರಿನಿಂದ ಲಡಾಖ್‌ಗೆ ಹೊರಟವರೂ ಇದನ್ನು ನೆನಪಿಟ್ಟುಕೊಳ್ಳಿ. ಲೇಹ್ ಇರುವುದು 3,500 ಮೀಟರ್ ಮೇಲೆ. ಮನೆ ಮುಂದೆ ಎರಡು ನಿಮಿಷಕ್ಕೆ ಏಳುವ ಗಾಡಿ ಅಲ್ಲಿ ಏಳುತ್ತದೆ ಅಂತ ನಂಬಬೇಡಿ.

ಇನ್ನೊಂದು ರಾತ್ರಿ ಹೇಗೂ ಅಲ್ಲೇ ಉಳಿಯುವವರಿದ್ದೆವು. ಹಾಗಾಗಿ ಮನೆಯಲ್ಲೇ ಮಾಡಬೇಕಿದ್ದ ಪರೀಕ್ಷೆಯನ್ನು ಬೆಟ್ಟದ ಮೇಲೆ ಮಾಡಿದೆವು.

ಮೊದಲು ನಾಲ್ಕೂ ಮೂಲೆ ಒಟ್ಟಿಗೆ ಕೂರುವ ಗುಟ್ಟು ಹೇಳಿಬಿಡುತ್ತೇನೆ. ಇಂಥ ಹಲವು ಗಾಡಿಗಳಲ್ಲಿ ಸಸ್ಪೆನ್ಶನ್ನಿನ ಕಂಟ್ರೋಲ್ ಬಾಕ್ಸ್ ಕೀ ತೆಗೆದ ಮೇಲೂ ಪೂರ್ತಿ ನಿದ್ದೆ ಮಾಡುವುದಿಲ್ಲ. ಕೆಲವು ಗಂಟೆಗೊಮ್ಮೆ ಎದ್ದು ನೋಡುತ್ತದೆ. ಒಂದು ಮೂಲೆ ಇಳಿದಿದ್ದರೆ ಗಾಡಿ ಓರೆಯಾಗಬಾರದು ಅಂತ ಉಳಿದ ಮೂರರ ಗಾಳಿಯನ್ನೂ ಬಿಟ್ಟು ಸಮ ಮಾಡುತ್ತದೆ. ಲೀಕ್ ಒಂದೇ ಕಡೆ, ಕೂರುವುದು ನಾಲ್ಕೂ ಕಡೆ. ಬೆಳಗ್ಗೆ ನೋಡಿದವರಿಗೆ ನಾಲ್ಕೂ ಬಲೂನ್ ಹೋದ ಹಾಗೇ ಕಾಣುತ್ತದೆ, ಅಲ್ವಾ?

ಆ ಬಾಕ್ಸಿನ ಬಾಯಿ ಮುಚ್ಚಿಸದೆ ಏನೂ ಗೊತ್ತಾಗುವುದಿಲ್ಲ. ಕಂಪ್ರೆಸರ್ ತಣ್ಣಗಾಗಲು ಅರ್ಧ ಗಂಟೆ ಬಿಟ್ಟು, ಮೂರು ಕಂತಿನಲ್ಲಿ ಗಾಡಿ ಎಬ್ಬಿಸಿದೆ. ಎದ್ದ ಕೂಡಲೇ ಎಂಜಿನ್ ಆಫ್ ಮಾಡಿ ಸಸ್ಪೆನ್ಶನ್ ಫ್ಯೂಸ್ ಕಿತ್ತೆ. ಯಾವ ಫ್ಯೂಸ್ ಅನ್ನುವುದು ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಹೊರಡುವ ಮೊದಲೇ ಗುರುತು ಹಾಕಿಡಿ. ಆಮೇಲೆ ಭಾವನ ಕೈಗೆ ಅಳತೆಯ ಟೇಪ್ ಕೊಟ್ಟೆ. ನೆಲದಿಂದ ಅಳೆಯಬಾರದು, ನೆಲ ಸಮ ಇರುವುದಿಲ್ಲ. ಚಕ್ರದ ನಡು ಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಬೇಕು. ಪ್ರತಿ ಮೂಲೆಯ ಮೇಲೂ ಪೇಪರ್ ಟೇಪ್ ಅಂಟಿಸಿ ಅಳತೆ, ಹೊತ್ತು ಎರಡನ್ನೂ ಪೆನ್ನಿನಲ್ಲಿ ಬರೆದೆವು.

ಗಾಡಿಯನ್ನು ಅದರ ಪಾಡಿಗೆ ಬಿಟ್ಟು ನಡೆಯಲು ಹೋದೆವು. ಅಲ್ ಖಿತೈಮ್ ಹಳ್ಳಿಯಿಂದ ಬಂಡೆಯ ಅಂಚಿನಲ್ಲೇ ಸಾಗಿ, ಜನ ಬಿಟ್ಟುಹೋದ ಅಸ್ ಸಾಬ್ ಎಂಬ ಹಳ್ಳಿಗೆ ಮುಟ್ಟುವ ಕಾಲುದಾರಿ ಇದೆ. ಕಲ್ಲಿನ ಮೇಲೆ ಬಣ್ಣದ ಗುರುತು ಇರುವುದರಿಂದ ದಾರಿ ತಪ್ಪುವುದಿಲ್ಲ. ಹೋಗಿ ಬರಲು ಮೂರ್ನಾಲ್ಕು ಗಂಟೆ ಇಟ್ಟುಕೊಳ್ಳಿ. ನೀರು ಜಾಸ್ತಿ ಒಯ್ಯಿರಿ, ಎತ್ತರಕ್ಕೆ ಹೆದರುವವರು ಬೇಡ. ಅದರ ಸೊಗಸು ಬರೆಯಲು ಕೂತರೆ ಗಾಡಿ ಕಥೆ ಮುಗಿಯುವುದಿಲ್ಲ.

ಮಧ್ಯಾಹ್ನ ಬಂದು ಅಳೆದರೆ ಉತ್ತರ ಸಿಕ್ಕಿತ್ತು. ಮೂರು ಮೂಲೆಗಳು ಎರಡು ಮೂರು ಮಿಲಿಮೀಟರ್ ಆಚೀಚೆ. ಮುಂದಿನ ಎಡಗಡೆಯದು 42 ಮಿಲಿಮೀಟರ್ ಕೆಳಗೆ.

ಸರಿ, ಆ ಬಲೂನೇ ಕಳ್ಳ ಅಂದುಕೊಂಡೆವು. ಪಾತ್ರೆ ತೊಳೆಯುವ ಸೋಪು ನೀರಿಗೆ ಕಲಸಿ ಬಾಟಲಿಯಿಂದ ಚಿಮುಕಿಸಿದೆ. ಬಲೂನ್ ತನ್ನ ಮೇಲೆ ತಾನೇ ಮಡಚಿಕೊಳ್ಳುವ ಕಡೆಯೇ ಮೊದಲು ಬಿರುಕು ಬಿಡುವುದು. ಅಲ್ಲಿ ಮರಳು ಕೂತು ಉಜ್ಜುತ್ತದೆ. ಪೈಪು ಒಳಗೆ ಹೋಗುವ ಬಾಯಿ ಎರಡನೆಯ ಅನುಮಾನ. ಎರಡೂ ಕಡೆ ಐದು ನಿಮಿಷ ನೋಡಿದೆ, ಒಂದು ಗುಳ್ಳೆಯೂ ಇಲ್ಲ. ನೆಲಕ್ಕೆ ಬಿದ್ದ ಸೋಪಿನ ನೀರನ್ನು ಒಂದು ಮೇಕೆ ಬಂದು ಮೂಸಿ ಹೋಯಿತು. ಆ ಬೆಟ್ಟದ ಮೇಕೆಗಳು ಟೆಂಟಿನ ಹೊರಗಿಟ್ಟ ಏನನ್ನೂ ಬಿಡುವುದಿಲ್ಲ. ನಮ್ಮ ಬ್ರೆಡ್ ಹಿಂದಿನ ಸಂಜೆಯೇ ಹೋಗಿತ್ತು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಅದು ಯಾವ ಗಳಿಗೆಯಲ್ಲಾದರೂ ಇಳಿಯಬಹುದು. ಬರೀ ಜಾಕ್ ನಂಬಿಯೂ ಬೇಡ, ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ನಾವು ಚಕ್ರವನ್ನು ಪೂರ್ತಿ ತಿರುಗಿಸಿ ಹೊರಗಡೆಯಿಂದಲೇ ಟಾರ್ಚ್ ಹಾಕಿ ನೋಡಿದೆವು.

ಬಲೂನಿನಲ್ಲಿ ಗುಳ್ಳೆ ಇಲ್ಲ ಅಂದರೆ ಉಳಿದದ್ದು ವಾಲ್ವ್ ಬ್ಲಾಕ್. ನಾಲ್ಕೂ ಮೂಲೆಗೆ ಗಾಳಿ ಹಂಚುವ, ಹೊರಗೆ ಬಿಡುವ ಡಬ್ಬಿ ಅದು. ಒಳಗೆ ಗಾಳಿ ಸೋರದ ಹಾಗೆ ಬಿಗಿ ಹಿಡಿಯುವ ಸಣ್ಣ ಸಣ್ಣ ರಬ್ಬರ್ ಬಳೆಗಳು, ಅಂದರೆ ಓ-ರಿಂಗ್‌ಗಳು. ಅವು ಗಟ್ಟಿಯಾದರೆ ಗಾಳಿ ಒಳಗೊಳಗೇ ಜಾರಿ, ಹೊರಬಿಡುವ ಪೈಪಿನಿಂದ ಹೋಗುತ್ತದೆ. ಹೊರಗೆ ಎಲ್ಲಿ ಸೋಪು ಹಾಕಿದರೂ ಕಾಣುವುದಿಲ್ಲ. ನಮ್ಮ ಗಾಡಿಯಲ್ಲಿ ಆ ಪೈಪಿನ ತುದಿ ಕೈಗೆ ಸಿಗುತ್ತದೆ. ಅದನ್ನು ಅರ್ಧ ನೀರಿದ್ದ ಬಾಟಲಿಯೊಳಗೆ ಇಳಿಬಿಟ್ಟೆ. ಇಬ್ಬರೂ ಬಾಟಲಿ ಹಿಡಿದು ಉಸಿರು ಬಿಗಿದು ನೋಡಿದೆವು. ಬುಳಕ್. ನಾಲ್ಕೈದು ಸೆಕೆಂಡ್ ಬಿಟ್ಟು ಇನ್ನೊಂದು, ಬುಳಕ್.

"ಇಷ್ಟೇನಾ?" ಅಂದರು ಭಾವ. ಇಷ್ಟೇ. ರಾತ್ರಿಯಿಡೀ ಹೀಗೇ ಹೋದರೆ ಗಾಡಿ ಕೂರದೆ ಏನು ಮಾಡುತ್ತದೆ?

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ದಾರಿಯಿತ್ತು. ಇಂಥ ಗಾಡಿ ಇರುವವರು ಟಯರ್ ವಾಲ್ವ್ ಕೂರಿಸಿದ ಪೈಪಿನ ತುಂಡುಗಳನ್ನು ಇಟ್ಟುಕೊಂಡಿರುತ್ತಾರೆ. ನನ್ನ ಹತ್ತಿರವೂ ನಾಲ್ಕಿತ್ತು. ನಿಮ್ಮ ಹತ್ತಿರ ಇಲ್ಲದಿದ್ದರೆ ಇವತ್ತೇ ತರಿಸಿ, ಪೈಪಿನ ದಪ್ಪ ಅಳೆದು ತರಿಸಿ. ಗಾಡಿಯ ತೂಕವನ್ನು ಜಾಕ್‌ಗೆ, ಸ್ಟ್ಯಾಂಡಿಗೆ ಕೊಟ್ಟು, ಉಳಿದ ಗಾಳಿ ಬಿಟ್ಟು, ಎಡ ಮುಂದಿನ ಪೈಪನ್ನು ಬ್ಲಾಕಿನಿಂದ ಕಿತ್ತೆ. ಕಾಲರ್ ಅದುಮಿ ಹಿಡಿದು ಎಳೆದರೆ ಬರುತ್ತದೆ, ಪಾನಾ ಬೇಡ. ಅದಕ್ಕೆ ಟಯರ್ ವಾಲ್ವ್ ಜೋಡಿಸಿ ಟಯರಿಗೆ ಗಾಳಿ ತುಂಬುವ ಪಂಪಿನಿಂದಲೇ ತುಂಬಿಸಿದೆ. ಟಯರಿಗಿಂತ ಜಾಸ್ತಿ ಒತ್ತಡ ಬೇಕಾಗುತ್ತದೆ. ಆದರೆ ಮೀಟರ್ ನೋಡಿ ತುಂಬಬೇಡಿ, ಮಡ್‌ಗಾರ್ಡ್ ಅಳತೆ ನೋಡಿ ತುಂಬಿ. ಬ್ಲಾಕ್ ಈಗ ಆಟದಿಂದ ಹೊರಗೆ. ಬೆಳಗಾಗುವಷ್ಟರಲ್ಲಿ ಆ ಮೂಲೆ ಕೂತರೆ ತಪ್ಪು ಬಲೂನಿನದು ಅಥವಾ ಪೈಪಿನದು. ಕೂರದಿದ್ದರೆ ಬ್ಲಾಕಿನದು.

ಬೆಳಗ್ಗೆ ಆರು ಮಿಲಿಮೀಟರ್ ಇಳಿದಿತ್ತು, ಬೇರೆ ಮೂರೂ ಹೆಚ್ಚುಕಮ್ಮಿ ಅಷ್ಟೇ. ಅದು ಚಳಿಯ ಲೆಕ್ಕ. ಬಲೂನ್ ಗಟ್ಟಿ.

ಉಳಿದ ಮೂರನ್ನೂ ಟಯರ್ ವಾಲ್ವ್‌ಗೆ ಹಾಕಿ, ಫ್ಯೂಸ್ ಇಲ್ಲದೆಯೇ ಬೆಟ್ಟ ಇಳಿದೆವು. ಹೀಗೆ ಓಡಿಸುವಾಗ ಗಾಡಿ ತಾನಾಗಿ ಎತ್ತರ ಸರಿಮಾಡುವುದಿಲ್ಲ, ತಿರುವಿನಲ್ಲಿ ಜೋರಾಗಿ ವಾಲುತ್ತದೆ. ಸಾಮಾನು ತುಂಬಿದ ಮೇಲೆ ಇನ್ನೊಮ್ಮೆ ಅಳೆದು ಹೊರಡಿ. ಇಳಿಜಾರನ್ನು ನಿಧಾನಕ್ಕೆ, ಕೆಳಗಿನ ಗೇರ್‌ನಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟೇ ಬರಬೇಡಿ. ಪೆಟ್ರೋಲ್ ಹತ್ತುವಾಗಲೇ ಕೆಳಗಿನ ಅಲ್ ಹಮ್ರಾ ಊರಿನಲ್ಲಿ ತುಂಬಿಸಿಕೊಂಡಿರಿ. ಜಬಲ್ ಅಖ್ದರ್ ಬೆಟ್ಟಕ್ಕೂ ಹೋಗುವವರಿಗೆ ಬಿರ್ಕತ್ ಅಲ್ ಮೌಜ್ ಹತ್ತಿರ ಪೊಲೀಸ್ ಚೆಕ್‌ಪೋಸ್ಟ್ ಇದೆ, ಫೋರ್ ವೀಲ್ ಡ್ರೈವ್ ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್. ಏಳಲಾರದೆ ಕೂತ ಗಾಡಿಯನ್ನು ಅಲ್ಲಿಗೆ ಒಯ್ದು ನಿಲ್ಲಿಸುವ ಧೈರ್ಯವಂತೂ ನನಗಿಲ್ಲ.

ಮುಂದಿನ ಪ್ಲಾನ್ ಶರ್ಕಿಯಾ ಮರಳುಗಾಡು. ಹಳೆಯ ಹೆಸರು ವಹೀಬಾ. ಭಾವನಿಗೆ ದಿಬ್ಬ ಹತ್ತಿಸುವ ಆಸೆ. ನಾನು ಒಪ್ಪಲಿಲ್ಲ. ಮರಳಿನಲ್ಲಿ ಟಯರಿನ ಗಾಳಿ 15-18 ಪಿಎಸ್‌ಐಗೆ ಇಳಿಸಬೇಕು, ಹೊರಗೆ ಬಂದು ಮತ್ತೆ ತುಂಬಬೇಕು. ಅದೇ ಪಂಪು ಈಗ ನಮ್ಮ ಸಸ್ಪೆನ್ಶನ್ನಿಗೂ ಜೀವ. ಅದು ಕೈಕೊಟ್ಟರೆ ಎರಡೂ ಹೋದವು. ಬಿದಿಯಾದಲ್ಲಿ ಗಾಡಿ ನಿಲ್ಲಿಸಿ, ಕ್ಯಾಂಪಿನವರ ಗಾಡಿಯಲ್ಲಿ ಒಳಗೆ ಹೋದೆವು. ದುಡ್ಡು ಸ್ವಲ್ಪ ಜಾಸ್ತಿ ಆಯಿತು, ನಿದ್ದೆ ಚೆನ್ನಾಗಿ ಬಂತು.

ವಾಪಸ್ ಬರುವಾಗ ಸೂರ್‌ನಲ್ಲಿ ಒಂದು ರಾತ್ರಿ. ಮರದ ಹಡಗು ಕಟ್ಟುವ ಊರು ಅದು. ಹಿಂದೆ ಅವಕ್ಕೆ ಸಾಗುವಾನಿ ಬರುತ್ತಿದ್ದದ್ದು ಮಲಬಾರ್ ಕಡೆಯಿಂದ. ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಬರುತ್ತಿದ್ದದ್ದೂ ಇಂಥ ಹಡಗುಗಳಲ್ಲೇ.

ಮಸ್ಕತ್‌ಗೆ ಬಂದ ಮೇಲೆ ವಾದಿ ಕಬೀರ್‌ನಲ್ಲಿ ಬೇರೊಬ್ಬ ಮೆಕ್ಯಾನಿಕ್ ಹಿಡಿದೆ. ಟೇಪಿನ ಮೇಲಿನ ಅಳತೆಗಳನ್ನು ತೋರಿಸಿದೆ. ಅವನು ಮಾತಾಡದೆ ಬ್ಲಾಕ್ ಬಿಚ್ಚಿದ. ದುಂಡಗಿರಬೇಕಾದ ಓ-ರಿಂಗ್‌ಗಳು ಒಣಗಿದ ಕೋಡುಬಳೆ ಚೂರಿನ ಹಾಗೆ ಚಪ್ಪಟೆಯಾಗಿದ್ದವು. ಉಗುರಿನಲ್ಲಿ ಒತ್ತಿದರೆ ಮುರಿದವು. ಎಲ್ಲ ರಿಂಗ್ ಹೊಸದು ಹಾಕಲು ಒಂದು ಮಧ್ಯಾಹ್ನ ಹಿಡಿಯಿತು. ಜೊತೆಗೆ ಕಂಪ್ರೆಸರಿನ ಪಿಸ್ಟನ್ ಸೀಲನ್ನೂ ಬದಲಿಸಿದೆವು. ಎರಡು ತಿಂಗಳು ಲೀಕಿನ ಜೊತೆ ಗುದ್ದಾಡಿ ಅದೂ ಸವೆದಿತ್ತು. ಬಲೂನ್‌ಗಳು ಹಳೆಯವೇ ಇವೆ.

ಎಲ್ಲ ಕಿತ್ತು ಕಬ್ಬಿಣದ ಸ್ಪ್ರಿಂಗ್ ಹಾಕಿಸಿಬಿಡಿ ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಭಾರ ಜಾಸ್ತಿ ಹೊತ್ತು, ದೂರದ ಊರುಗಳಿಗೆ ಒಬ್ಬರೇ ಹೋಗುವವರಾದರೆ ಅದೂ ಸರಿಯೇ. ನನಗೆ ಮಾತ್ರ ಬೆಳಗ್ಗೆ ಅದು ಸೊಂಟ ಎತ್ತಿ ಏಳುವುದನ್ನು ನೋಡುವುದು ಇಷ್ಟ. ಪೇಪರ್ ಟೇಪ್ ಇನ್ನೂ ಮಡ್‌ಗಾರ್ಡ್ ಮೇಲೆ ಅಂಟಿಕೊಂಡಿದೆ. ಭಾವ ಮನೆಗೆ ಬಂದರೆ ಚಹಾ ಕೇಳುವ ಮೊದಲು ಗಾಡಿಯನ್ನೊಮ್ಮೆ ಅಳೆಯುತ್ತಾರೆ.