ದೆವ್ವಕ್ಕೆ ಗುದ್ದುವ ಹುಡುಗಿ ಮತ್ತು ನನ್ನ ನಿಂತುಹೋದ ಓದು

ಶುಕ್ರವಾರ ರಾತ್ರಿ

ಬೇಸಿಗೆಯಿಂದ ಒಂದು ಪುಸ್ತಕವೂ ಮುಗಿದಿಲ್ಲ. ದಪ್ಪ ಕಾದಂಬರಿ ತೆರೆದರೆ ಎರಡನೇ ಪುಟಕ್ಕೇ ಕೈ ಫೋನಿನ ಕಡೆ ಹೋಗುತ್ತದೆ. ಅದಕ್ಕೇ ಹದಿಹರೆಯದವರಿಗೆಂದು ಬರೆದ ಒಂದು ತಮಾಷೆಯ ದೆವ್ವದ ಪ್ರೇಮಕಥೆ ಹಿಡಿದೆ. ಮೆಗ್ ಕ್ಯಾಬಟ್ ಅವರ ‘ಶ್ಯಾಡೋಲ್ಯಾಂಡ್’, 2000ದಲ್ಲಿ ಬಂದದ್ದು. ಆಗ ಜೆನ್ನಿ ಕ್ಯಾರೊಲ್ ಎಂಬ ಹೆಸರಲ್ಲಿ ಬರೆದಿದ್ದರು.

ಸೂಸ್‌ಗೆ 16 ವರ್ಷ. ಸತ್ತವರು ಅವಳಿಗೆ ಕಾಣುತ್ತಾರೆ, ಮಾತಾಡುತ್ತಾರೆ. ಅವರ ಬಾಕಿ ಕೆಲಸ ಮುಗಿಸಿ ಸಾಗಹಾಕುವುದು ಇವಳ ತಲೆಗೆ ಬಿದ್ದಿದೆ. ಅಮ್ಮ ಎರಡನೇ ಮದುವೆಯಾದ ಮೇಲೆ ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯಾದ ಕಾರ್ಮೆಲ್‌ಗೆ ಬರುತ್ತಾಳೆ. ಬಂದರೆ ಅವಳ ರೂಮಿನ ಕಿಟಕಿಯಲ್ಲೇ ಜೆಸ್ಸಿ ಕೂತಿದ್ದಾನೆ. ಸತ್ತು ನೂರೈವತ್ತು ವರ್ಷ ಆಗಿದೆ. ನೋಡೋಕೆ ಚೆನ್ನಾಗಿದ್ದಾನೆ, ಅದೇ ತೊಂದರೆ.

ಶನಿವಾರ

ಸೂಸ್‌ಗೆ ಹಳೇ ಕಟ್ಟಡ ಕಂಡರೆ ಆಗಲ್ಲ. ಹಳೆಯದಾದಷ್ಟೂ ಒಳಗೆ ಯಾರೋ ಸತ್ತಿರುತ್ತಾರೆ ಅನ್ನೋದು ಅವಳ ಲೆಕ್ಕ. ಇದನ್ನು ಓದಿದ್ದು ಚಿತ್ರದುರ್ಗದಲ್ಲಿ ಕೂತು! ಏಳು ಸುತ್ತಿನ ಕೋಟೆಗೆ ಈ ಹುಡುಗಿಯನ್ನು ಕರೆದುಕೊಂಡು ಬಂದರೆ ಕಥೆ ಏನಾಗಬಹುದು? ಕಿಂಡಿಯ ಹತ್ತಿರ ಹೈದರಾಲಿಯ ಸಿಪಾಯಿಗಳು ತಲೆ ಹಿಡಿದುಕೊಂಡು ಸಾಲಾಗಿ ನಿಂತಿರುತ್ತಾರೆ. “ಊಟಕ್ಕೆ ಹೋದ ಕಾವಲುಗಾರನ ಹೆಂಡತಿ ಒನಕೆಯಲ್ಲಿ ಹೊಡೆದಳು ಅಂತ ಊರಲ್ಲಿ ಹೇಗೆ ಹೇಳೋದು ತಾಯಿ?” ಅಂತ ಅವರ ಗೋಳು. 1779ರಲ್ಲಿ ಕೋಟೆ ಕೈಗೆ ಬಂದದ್ದೂ ಅವರಿಗೆ ಗೊತ್ತಿಲ್ಲ ಪಾಪ. ಸೂಸ್ ಮೊದಲ ಬಾಗಿಲಲ್ಲೇ ವಾಪಸ್ಸು ಹೋಗುತ್ತಾಳೆ.

ಇದನ್ನೆಲ್ಲ ಯೋಚಿಸಿ ನಗುತ್ತಾ ಓದಿದ್ದಕ್ಕೋ ಏನೋ, ಫೋನ್ ಮರೆತೇಹೋಗಿತ್ತು.

ಭಾನುವಾರ ಮಧ್ಯಾಹ್ನ

ಏನು ಹಲ್ಲು ಕಿಸೀತಿದ್ದೀಯ ಅಂತ ಅಜ್ಜಿ ಕೇಳಿದರು. ಕಥೆ ಹೇಳಿದೆ.

“ರೂಮ್‌ನಾಗೆ ದೆವ್ವ ಐತಿ ಅಂತ ಅವರವ್ವಂಗೆ ಹೇಳಿಲ್ಲೇನೇ?”

“ಇಲ್ಲ ಅಜ್ಜಿ.”

“ತಾಯತ ಕಟ್ಟಿಸ್ಬೇಕಿತ್ತು. ಆಮೇಲೆ? ಹುಡುಗ ಒಳ್ಳೇನಾ?”

ಸಂಜೆ ಕಾಫಿ ಹೊತ್ತಿಗೆ ಮುಂದಿನ ಕಥೆ ಕೇಳೋಕೆ ಮತ್ತೆ ಬಂದರು.

ಮುಗಿಸಿದ ಮೇಲೆ

ಪ್ರೇಮ ಬೇಕು ಅಂತ ಓದುವವರಿಗೆ ಈ ಮೊದಲ ಪುಸ್ತಕದಲ್ಲಿ ಸಿಗುವುದು ಕಮ್ಮಿ. ಬರೀ ಮಾತಿನ ಚಕಮಕಿ. ನನಗೆ ಇಷ್ಟವಾದದ್ದು ಫಾದರ್ ಡೊಮಿನಿಕ್ ಜೊತೆಗಿನ ಜಗಳ. ಸೂಸ್ ಸೇರಿದ ಶಾಲೆಯ ಪ್ರಿನ್ಸಿಪಾಲರು ಅವರು. ಅವರಿಗೂ ಸತ್ತವರು ಕಾಣುತ್ತಾರೆ. ದೆವ್ವಕ್ಕೆ ಸಮಾಧಾನ ಹೇಳಬೇಕು ಅಂತಾರೆ ಅವರು. ಇವಳದು ಮೊದಲು ಗುದ್ದು, ಆಮೇಲೆ ಮಾತು.

ಒಂದು ಮಾತ್ರ ಹಿಡಿಸಲಿಲ್ಲ. ಶಾಲೆಯಲ್ಲಿ ಕಾಡುವ ಹೆದರ್ ಪ್ರೀತಿಸಿದವನು ಕೈಬಿಟ್ಟ ಅಂತ ಜೀವ ಕಳೆದುಕೊಂಡ ಹುಡುಗಿ. ಅವಳನ್ನು ಬರೀ ಕೆಟ್ಟವಳಾಗಿ ಮಾಡಿ ನಗಿಸುತ್ತಾ ಹೋಗುವುದು ಯಾಕೋ ಸರಿ ಅನ್ನಿಸಲಿಲ್ಲ. ಅಲ್ಲಿ ಒಂದು ಪುಟ ನಿಲ್ಲಬಹುದಿತ್ತು ಅಲ್ವಾ?

ಎರಡನೆಯ ಪುಸ್ತಕ ‘ನೈನ್ತ್ ಕೀ’ ಶುರುಮಾಡಿದ್ದೇನೆ. ದಪ್ಪ ಕಾದಂಬರಿಗಳು ಇನ್ನೂ ಸ್ವಲ್ಪ ದಿನ ಕಾಯಲಿ. ಜೆಸ್ಸಿಯನ್ನು ಕೊಂದವರು ಯಾರು ಅಂತ ಅಜ್ಜಿಗೆ ಬೇಗ ಗೊತ್ತಾಗಬೇಕಂತೆ.