ಬೆರಳಿಗೆ ಸುತ್ತಿದ ಬಣ್ಣದ ಟೇಪು

2009ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ, ಹೊಸ ಯೋಚನೆಗಳ ಬಗ್ಗೆ ಚಿಕ್ಕ ಭಾಷಣಗಳು ನಡೆಯುವ ಟೆಡ್ ಇಂಡಿಯಾ ಸಮ್ಮೇಳನ ನಡೆಯಿತು. ನಾನಾಗ ನಮ್ಮ ಕಾಲೇಜಿನಲ್ಲಿ ಐದನೇ ಸೆಮಿಸ್ಟರ್. ಅಲ್ಲಿ ಪ್ರಣವ್ ಮಿಸ್ತ್ರಿ ಮಾತಾಡಿದ ವಿಡಿಯೋವನ್ನು ಲ್ಯಾಬ್ ಸರ್ ಒಂದು ಮಧ್ಯಾಹ್ನ ಹಾಕಿ ತೋರಿಸಿದರು. ಮಿಸ್ತ್ರಿ ಗುಜರಾತಿನ ಪಾಲನ್‌ಪುರದವರು, ಆಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಓದುತ್ತಿದ್ದರು. ಅವರ ಸಾಧನದ ಹೆಸರು ಸಿಕ್ಸ್ತ್ ಸೆನ್ಸ್.

ಕೊರಳಲ್ಲಿ ತೂಗುವ ಕ್ಯಾಮೆರಾ, ಪುಟ್ಟ ಪ್ರೊಜೆಕ್ಟರ್, ಒಂದು ಕನ್ನಡಿ. ಜೊತೆಗೆ ಒಯ್ಯಬಹುದಾದ ಚಿಕ್ಕ ಕಂಪ್ಯೂಟರ್. ಕ್ಯಾಮೆರಾ ಗುರುತಿಸಲಿ ಅಂತ ಬೆರಳ ತುದಿಗೆ ಬಣ್ಣದ ಟೋಪಿ. ಅಷ್ಟೇ. ಖರ್ಚು ಸುಮಾರು 350 ಡಾಲರ್. ಅಂಗೈ ಚಾಚಿದರೆ ಅದರ ಮೇಲೆ ಫೋನಿನ ಅಂಕಿಗಳು ಮೂಡುತ್ತಿದ್ದವು. ಮಣಿಕಟ್ಟಿನ ಮೇಲೆ ಬೆರಳಿಂದ ಸುತ್ತು ಬರೆದರೆ ಗಡಿಯಾರ. ಎರಡೂ ಕೈಬೆರಳು ಸೇರಿಸಿ ಚೌಕಟ್ಟು ಹಿಡಿದರೆ ಫೋಟೋ.

ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿದ್ದು ಅವರ ಹಳೆಯ ಪ್ರಯೋಗ. ಒಳಗೆ ಗುಂಡು ಉರುಳುವ ಮೌಸ್ ನೆನಪಿದೆ ಅಲ್ವಾ? ಅಂಥ ಎರಡು ಮೌಸ್ ಬಿಚ್ಚಿ, ನಾಲ್ಕು ರೋಲರ್ ತೆಗೆದು, ದಾರ, ರಾಟೆ, ಸ್ಪ್ರಿಂಗ್ ಸೇರಿಸಿ ಕೈಯ ಚಲನೆ ಗುರುತಿಸುವ ಸಾಧನ ಮಾಡಿದ್ದರು. ಎರಡು ಡಾಲರ್‌ನಲ್ಲಿ! ಕೀಬೋರ್ಡ್, ಮೌಸ್ ಹೇಳಿದಂತೆ ನಮ್ಮ ಕೈ ಪಳಗಬೇಕು ಅಂತಲೇ ನಾವು ಅಂದುಕೊಂಡಿದ್ದೆವು. ಕೈಗೆ ಗೊತ್ತಿರುವುದನ್ನು ಕಂಪ್ಯೂಟರೇ ಕಲಿಯಬಹುದು ಅನ್ನುವುದು ನಮಗೆ ಹೊಳೆದೇ ಇರಲಿಲ್ಲ.

ಬೆರಳ ಚೌಕಟ್ಟಿನ ಆ ಫೋಟೋ ನಾವೂ ತೆಗೆಯಬೇಕು ಅಂತ ಮರುದಿನವೇ ನಾವು ಮೂವರು ವೆಬ್‌ಕ್ಯಾಮ್ ಹಿಡಿದು ಕೂತೆವು. ಟೋಪಿಯ ಬದಲು ಎಲೆಕ್ಟ್ರಿಷಿಯನ್‌ಗಳು ಬಳಸುವ ಇನ್ಸುಲೇಶನ್ ಟೇಪು. ಎರಡು ಹೆಬ್ಬೆರಳಿಗೆ ಕೆಂಪು, ಹಳದಿ. ಎರಡು ತೋರುಬೆರಳಿಗೆ ಹಸಿರು, ನೀಲಿ. ಪ್ರೋಗ್ರಾಂ ಪ್ರತಿ ಚಿತ್ರದಲ್ಲೂ ಆ ನಾಲ್ಕು ಬಣ್ಣ ಹುಡುಕಬೇಕು, ಅವು ಎಲ್ಲಿವೆ ಅಂತ ಲೆಕ್ಕ ಇಡಬೇಕು. ಕೇಳೋಕೆ ಸುಲಭ. ಆದರೆ ಗೆಳೆಯನ ಕೆಂಪು ಶರ್ಟು ಕಂಡರೂ ಅದು ಬೆರಳು ಅನ್ನುತ್ತಿತ್ತು. ಮೋಡ ಸರಿದು ಬಿಸಿಲು ಬಿದ್ದರೆ ಹಳದಿಯೇ ಮಾಯ. ಹದಿನೈದು ದಿನ ಹೀಗೇ ಹೋಯಿತು. ಸರ್ ಬೈಯಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಬಣ್ಣ ಬೇರೆ, ಅದರ ಹೊಳಪು ಬೇರೆ, ಎರಡನ್ನೂ ಬಿಡಿಸಿ ನೋಡಿ ಅಂತ ತೋರಿಸಿಕೊಟ್ಟರು. ಆಮೇಲೆ ಬೆರಳುಗಳು ಸಿಗತೊಡಗಿದವು.

ಒಂದು ಸಂಜೆ ಕಿಟಕಿಯಿಂದ ಓರೆ ಬಿಸಿಲು ಬರುತ್ತಿತ್ತು. ಸರ್ ಎದ್ದು ಹೋಗಿ ಪರದೆ ಎಳೆದು, ಅದು ಸರಿಯದಂತೆ ಕೈಯಲ್ಲೇ ಹಿಡಿದು ನಿಂತರು. ನಾನು ಕ್ಯಾಮೆರಾದ ಮುಂದೆ ಚೌಕಟ್ಟು ಮಾಡಿದೆ. ಕಂಪ್ಯೂಟರ್ ತೆರೆಯ ಮೇಲೆ ಚಿತ್ರ ನಿಂತಿತು. ಸ್ವಲ್ಪ ಮಸುಕು. ನಾಲ್ಕು ಬಣ್ಣದ ಬೆರಳುಗಳ ನಡುವೆ, ಪರದೆ ಹಿಡಿದು ನಿಂತ ಸರ್.